ಮಾರ್ಷ್ ಬಳಸಿದ್ದು ಎಣ್ಣೆಬಣ್ಣವಲ್ಲ
ಲೇಖನ ಚೆನ್ನಾಗಿದೆ. ಆದರೆ ಅದರಲ್ಲಿ ಅಮೆರಿಕದ ಚಿತ್ರಕಾರ ರೆಜಿನಾಲ್ಡ್ ಮಾರ್ಷ್ ಅವರ 1932ರ ‘ಟ್ಯಾಟೂ ಅಂಡ್ ಹೇರ್‌ಕಟ್’ ಚಿತ್ರವನ್ನು ತೈಲವರ್ಣ ಎಂದಿರುವುದು ತಪ್ಪು. ಅದು ಮೇಸನೈಟ್ ಹಲಗೆಯ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಮೇಲಿನ ಮೊಟ್ಟೆ ಟೆಂಪೆರಾ, ಅಂದರೆ ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣದ ಚಿತ್ರ. ಈ ಬಣ್ಣದ ಕೆಲಸದ ರೀತಿಯೇ ಬೇರೆ. ಮೊಟ್ಟೆಯ ಹಳದಿಯ ಪೊರೆ ಚುಚ್ಚಿ ಒಳಗಿನದನ್ನಷ್ಟೇ ಇಳಿಸಿಕೊಂಡು, ನೀರಲ್ಲಿ ಅರೆದ ಬಣ್ಣದ ಪುಡಿಗೆ ಹೆಚ್ಚುಕಡಿಮೆ ಸಮಪಾಲು ಬೆರೆಸಬೇಕು. ಹಳದಿ ಕಡಿಮೆಯಾದರೆ ಒಣಗಿದ ಮೇಲೂ ಬಣ್ಣ ಬೆರಳಿಗೆ ಹತ್ತುತ್ತದೆ. ದಪ್ಪಗೆ ಬಳಿದರೆ ಬಿರುಕು ಬಿಡುತ್ತದೆ. ಬಲು ಬೇಗ ಒಣಗುವುದರಿಂದ ಹಸಿಯಲ್ಲೇ ತೀಡಿ ಬೆರೆಸಲಾಗದು, ಸಣ್ಣ ಗೆರೆ, ತೆಳು ಪದರಗಳನ್ನು ಒಂದರ ಮೇಲೊಂದು ಕೂಡಿಸುತ್ತಾ ಹೋಗಬೇಕು. ಮಾರ್ಷ್ ಅವರ ಆ ಚಿತ್ರದಲ್ಲಿ ನ್ಯೂಯಾರ್ಕಿನ ಬೊವರಿ ಬೀದಿಯಲ್ಲಿ, ಎತ್ತರಿಸಿದ ರೈಲುಹಳಿಯ ಕೆಳಗೆ, ಕೆಲಸವಿಲ್ಲದೆ ನಿಂತ ಗಂಡಸರ ಸುಕ್ಕು ಕೋಟುಗಳನ್ನು ಹತ್ತಿರದಿಂದ ನೋಡಿ: ಆ ಮಾಸಲು ಕಂದು ಬಂದಿರುವುದು ಈ ಪದರಗಳಿಂದಲೇ.