ಮ್ಯಾಲ್ಕೋ ಮಾರಾಯ

ರಾತ್ರಿ ಹತ್ತೂವರೆಗೆ ಮಲಗ್ಬೇಕು ಅಂತ ನಾನು ಶಪಥ ಮಾಡಿ ಎಷ್ಟು ಯುಗಾದಿ ಆಯ್ತೋ ಲೆಕ್ಕ ಇಲ್ಲ. ನಂದು ಜೀನ್ಸ್ ಹೊಲಿಯೋ ಯೂನಿಟ್‌ಗಳ ಲೆಕ್ಕ ಬರೆಯೋ ಕೆಲಸ, ಬಳ್ಳಾರಿಯಲ್ಲಿ ಅಂಥ ಯೂನಿಟ್‌ಗಳಿಗೇನು ಬರ ಇಲ್ಲ. ಆದ್ರೆ ಬಿಲ್ಲುಗಳು ವಾಟ್ಸಾಪಲ್ಲಿ ಫೋಟೋ ಆಗಿ ಬರೋದು ರಾತ್ರಿ ಒಂಬತ್ತರ ಮೇಲೇನೇ, ಅದೂ ಮಿರ್ಚಿ ತಿಂದ ಕೈಯಲ್ಲಿ ಹಿಡಿದಿರೋ ಬಿಲ್ಲು, ಎಣ್ಣೆ ಕಲೆ ಕೆಳಗೆ ಇರೋದು 5ಓ 6ಓ ಅಂತ ಝೂಮ್ ಮಾಡಿ ನೋಡೋದ್ರಲ್ಲೇ ಹನ್ನೊಂದಾಗಿರುತ್ತೆ.

ಮೊದಲು ಕ್ಯಾಲೆಂಡರಲ್ಲಿ ರಿಮೈಂಡರ್ ಇಟ್ಟೆ. ಹತ್ತೂವರೆಗೆ ಸ್ಕ್ರೀನ್ ಮೂಲೆಯಲ್ಲಿ ಒಂದು ಚೌಕ ಎದ್ದು ಬರೋದು, ನಾನು ಐದು ನಿಮಿಷ ಆಮೇಲೆ ಬಾ ಅನ್ನೋದು, ಅದು ಪಾಪ ಸಾಲ ಕೇಳೋಕೆ ಬಂದೋರ ಥರ ಮತ್ತೆ ಮತ್ತೆ ಬರೋದು. ಒಂದು ವಾರಕ್ಕೆ ಕಣ್ಣು ಅದನ್ನ ನೋಡೋದೇ ಬಿಡ್ತು, ಕೈ ಮಾತ್ರ ತಾನಾಗೇ ಹೋಗಿ ಒತ್ತಿ ಬರ್ತಿತ್ತು.

ಕಣ್ಣಿಗೆ ಬಗ್ಗದವನು ಕಿವಿಗಾದ್ರೂ ಬಗ್ಗಲಿ ಅಂತ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಕೂರಿಸಿದೆ, ಟೈಮಿಗೆ ಸರಿಯಾಗಿ ಕಂಪ್ಯೂಟರೇ ಬಾಯಿ ಬಿಟ್ಟು ಹೇಳೋ ಹಂಗೆ. (ಇದನ್ನ ಕೂರಿಸೋಕೆ ಮೂರು ರಾತ್ರಿ ಒಂದೂವರೆ ತನಕ ಎದ್ದಿದ್ದೆ, ಅದು ಬೇರೆ ವಿಷಯ.) ವಿಂಡೋಸಲ್ಲಿ ಜೀರಾ ಅಂತ ಒಂದು ಹೆಣ್ಣು ದನಿ ಐತೆ. ಆಕೆಗೆ ಕನ್ನಡ ಬರಲ್ಲ, ಅದಕ್ಕೆ ಇಂಗ್ಲಿಷ್ ಅಕ್ಷರದಲ್ಲೇ "ಮಲ್ಕೋ ಮಾರಾಯ" ಅಂತ ಬರೆದುಕೊಟ್ಟೆ. ಆಕೆ ಅದನ್ನ ಅಮೆರಿಕದ ಶೈಲಿಯಲ್ಲಿ ಎಳೆದು "ಮ್ಯಾಲ್ಕೋ... ಮರಾಯಾ" ಅಂದ್ಳು. ನಕ್ಕು ಸುಮ್ನಾದೆ.

ಅದು ಏಪ್ರಿಲ್. ನಮ್ಮೂರ ಏಪ್ರಿಲಲ್ಲಿ ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿಯೆಲ್ಲ ಒಳಗಿದ್ದೋರ ಮೇಲೆ ಸೇಡು ತೀರಿಸ್ಕೊಳ್ಳುತ್ತೆ, ಹಂಗಾಗಿ ಓಣಿಗೆ ಓಣಿನೇ ಚಾಪೆ, ಕೊಡ, ಸೊಳ್ಳೆ ಪರದೆ ಹೊತ್ಕೊಂಡು ಮಾಳಿಗೆ ಮೇಲೆ. ನಾನೂ ಬಕೆಟ್ ನೀರು ಚೆಲ್ಲಿ, ಆವಿ ಎಲ್ಲಾ ಹೋದ್ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಕೋಟೆ ಗುಡ್ಡದ ಕಡೆ ಮುಖ ಮಾಡಿ ಕೂತಿದ್ದೆ. ಯಾವುದೋ ಮನೆ ಕೂಸು ಅಳೋದು ನಿಂತು ಓಣಿ ಗಪ್‌ಚುಪ್ ಆದ ಹೊತ್ತಿಗೆ ಸರಿಯಾಗಿ ಹತ್ತೂವರೆ ಆಯ್ತು, ವಾಲ್ಯೂಮ್ ನೂರಕ್ಕೆ ನೂರು ಐತೆ ಅನ್ನೋದು ನಂಗೆ ಆಗ್ಲೇ ಗೊತ್ತಾಗಿದ್ದು.

"ಮ್ಯಾಲ್ಕೋ! ಮರಾಯಾ! ಮ್ಯಾಲ್ಕೋ!"

ಪಕ್ಕದ ಮಾಳಿಗೆಯಲ್ಲಿ ಒಂದು ಸೊಳ್ಳೆ ಪರದೆ ಎದ್ದು ಕೂತ್ಕೊಂತು. ಕೆಳಗಿಂದ ಅಮ್ಮ, "ಯಾರಪ್ಪಾ ಅದು ಹೆಣ್ಮಗಳು? ಮ್ಯಾಲಕ್ಕೆ ಬಾ, ಮ್ಯಾಲಕ್ಕೆ ಬಾ ಅಂತ ಯಾರನ್ನ ಕರಿಯಾಕತ್ತಾಳ?" ಕಂಪ್ಯೂಟರಮ್ಮಾ, ಜೀರಾ ಅಂತ, ಅಂದೆ. "ಜೀರಿಗೆನಾ?" ಬೆಳಗ್ಗೆ ನಲ್ಲಿ ನೀರಿಗೆ ನಿಂತಾಗ ಪಕ್ಕದ ಮನೆ ಆಂಟಿ ಬಿಂದಿಗೆ ಇಳಿಸ್ತಾ, "ನಿಮ್ಮನೆಗೆ ಯಾರೋ ಬಂದಂಗೈತಲ್ಲ" ಅಂತ ನಕ್ಕರು. ಆ ನಗು ಓಣಿ ಪೂರ್ತಿ ತಿರುಗಾಡಿ ಬರೋಕೆ ಎರಡು ದಿನ ತಗೊಂತು.

ಅಷ್ಟಾದ್ರೂ ನಾನು ಮಲಗಲಿಲ್ಲ. ಹಂಗಾಗಿ ಕೊನೇ ಅಸ್ತ್ರ, ಹತ್ತೂಮುಕ್ಕಾಲಿಗೆ ತಾನಾಗೇ ಶಟ್‌ಡೌನ್. ಈ ಆಜ್ಞೆಗೆ ಟೈಮರ್ ಕೊಟ್ರೆ ತೆರೆದಿರೋದನ್ನೆಲ್ಲ ಬಲವಂತವಾಗಿ ಮುಚ್ಚುತ್ತೆ, ಸೇವ್ ಮಾಡ್ಲಾ ಅಂತ ಸೌಜನ್ಯಕ್ಕೂ ಕೇಳಲ್ಲ. ಸಣ್ಣದೊಂದು ಎಚ್ಚರಿಕೆ ಬರುತ್ತೆ, ಅಷ್ಟೇ, ಅದನ್ನ ನನ್ನ ಕೈ ಹಳೇ ಅಭ್ಯಾಸದಂಗೆ ಒತ್ತಿ ಕಳಿಸಿತ್ತು. ಅವತ್ತು 20ನೇ ತಾರೀಕು, ಜಿಎಸ್‌ಟಿ 3ಬಿ ಅಂದ್ರೆ ತಿಂಗಳ ತೆರಿಗೆ ಲೆಕ್ಕ ಕಟ್ಟೋ ಕೊನೇ ದಿನ, ಇಬ್ಬರು ಪಾರ್ಟಿಗಳ ಬಿಲ್ಲು ಆಗಷ್ಟೇ ಬಂದಿದ್ವು. ಎಕ್ಸೆಲ್ ಶೀಟ್ ಕಣ್ಮುಂದೆನೇ ಕಪ್ಪಾಯ್ತು, ಕಪ್ಪು ಸ್ಕ್ರೀನಲ್ಲಿ ನನ್ನ ಬಾಯಿ ತೆಗೆದ ಮುಖ ಮಾತ್ರ ಕಾಣ್ತಿತ್ತು. ಮತ್ತೆ ಆನ್ ಮಾಡಿ, ಎಣ್ಣೆ ಕಲೆ ಬಿಲ್ಲುಗಳನ್ನ ಮೊದಲಿಂದ ಝೂಮ್ ಮಾಡಿ, ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಕಟ್ಟಿ ಮುಗಿಸಿದ್ದು. ಬೇಗ ಮಲಗಿಸೋ ಯಂತ್ರದ ಮೇಲಿನ ಸಿಟ್ಟಿಗೆ ಎರಡು ಗಂಟೆ ತನಕ ನಿದ್ದೆ ಬರಲಿಲ್ಲ.

ಎದ್ದಿದ್ದೀನಲ್ಲ ಅಂತ ಆ ಟೈಮರ್ ಎಷ್ಟು ದೂರ ಎಳೀಬಹುದು ಅಂತ ಹುಡುಕಿದೆ. 31,53,60,000 ಸೆಕೆಂಡು, ಅಂದ್ರೆ 10 ವರ್ಷ. ಲೆಕ್ಕದವನ ಚಟ, ಕೂತು ಗುಣಿಸಿ ನೋಡಿದೆ, ಅಧಿಕ ವರ್ಷದ ದಿನಗಳನ್ನ ಸೇರಿಸಿಲ್ಲ ಅವರು. ಅದನ್ನೇ ಹಾಕಿ, ಶೆಡ್ಯೂಲರಲ್ಲಿದ್ದ ಜೀರಾನೂ ಸೇರಿ ಎಲ್ಲಾ ಅಳಿಸಿ, ಹಾಯಾಗಿ ಮಲಗಿದೆ.

ಮರುದಿನ ರಾತ್ರಿ ಮನೆ ತಣ್ಣಗಿತ್ತು. ಅದರ ಮರುದಿನ ಮಧ್ಯಾಹ್ನ ಊಟಕ್ಕೆ ಕೂತ್ರೆ ಮೊಸರಿಲ್ಲ. ಬಳ್ಳಾರಿ ಬಿಸಿಲಲ್ಲಿ, ಮೊಸರಿಲ್ಲ! ಅಮ್ಮ ಒಡೆದ ಹಾಲಿನ ಪಾತ್ರೆ ನನ್ನ ಮುಂದೆ ಇಟ್ಟು ಸೊಂಟದ ಮೇಲೆ ಕೈ ಇಟ್ಕೊಂಡ್ಳು.

"ದಿನಾ ಆಕಿ ಕೂಗಿದ್ ಕೂಡ್ಲೆ ಹಾಲಿಗೆ ಹೆಪ್ಪು ಹಾಕಿ ಮಲಗ್ತಿದ್ದೆ. ನಿನ್ನೆ ರಾತ್ರಿ ಯಾಕಪ್ಪಾ ನಿನ್ನ ಜೀರಿಗೆ ಕೂಗ್ಲೇ ಇಲ್ಲ?"