ಬಿಳಿ ಕಂತು ಎಲ್ಲಿ ಸ್ವಾಮಿ?

ಮೊನ್ನೆ ಭಾನುವಾರ ಮದ್ದೂರಿನಿಂದ ಭಾವಮೈದ ಬಂದಿದ್ದ. ಊಟ ಆದ ಮೇಲೆ ಅವನಿಗೆ 'ಕೆಲೈಡೋಸ್ಕೋಪ್' ತೋರಿಸೋಣ ಅಂತ ಟೀವಿ ಮುಂದೆ ಕೂರಿಸಿದೆ. 2023ರ ಹೊಸ ವರ್ಷದ ದಿನ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಕಳ್ಳತನದ ಸೀರಿಯಲ್ಲು ಅದು. ಎಂಟು ಕಂತು, ಎಂಟು ಬಣ್ಣದ ಹೆಸರು. ಹಸಿರು ಕಂತಿನ ಕಥೆ ಕಳ್ಳತನಕ್ಕೆ 7 ವರ್ಷ ಹಿಂದಿನದು. ನೇರಳೆಯದು 24 ವರ್ಷ ಹಿಂದಿನದು. ಕೆಂಪು ಅಂದರೆ ಕಳ್ಳತನದ ಮಾರನೇ ಬೆಳಿಗ್ಗೆ. ಗುಲಾಬಿ ಅಂದರೆ ಆರು ತಿಂಗಳು ಕಳೆದ ಮೇಲೆ. ನಮ್ಮ ಮನೆಗೆ ಒಂದು ಸಾಲಿನಲ್ಲಿ ಬಂದರೆ ಪಕ್ಕದ ಮನೆಗೆ ಇನ್ನೊಂದು ಸಾಲಿನಲ್ಲಿ ಬರುತ್ತದೆ. ಬಿಳಿ ಕಂತು ಮಾತ್ರ ಎಲ್ಲರಿಗೂ ಕೊನೆಗೆ. ಕಳ್ಳತನ ಆಗೋದು ಅದರಲ್ಲೇ. ಬಿಳಿಯನ್ನು ಕೊನೆಗೆ ಇಟ್ಟುಕೊಂಡು ಉಳಿದ ಏಳನ್ನು 5040 ಬಗೆಯಲ್ಲಿ ಜೋಡಿಸಬಹುದು.

ಇಷ್ಟನ್ನೂ ನಾನು ಹೆಮ್ಮೆಯಿಂದ ವಿವರಿಸಿದೆ, ಏನೋ ನಾನೇ ಕಂಡುಹಿಡಿದ ಹಾಗೆ. ಭಾವಮೈದ ಎಲೆ ಅಡಿಕೆ ಹಾಕಿಕೊಂಡು ಹೇಳಿದ, "ಅಲ್ಲ ಕಣ್ ಭಾವ, ಇದ್ನ ನೋಡಕ್ ದುಡ್ ಬೇರೆ ಕೊಡ್ಬೇಕಾ? ನಮ್ಮೂರಲ್ಲಿ ನಾಲೆಗ್ ನೀರ್ ಬುಟ್ ಮ್ಯಾಕೆ ಹೂಳ್ ಎತ್ತಕ್ ಬತ್ತಾರೆ. ಸುಮ್ನೆ ದಂಡೆ ಮ್ಯಾಲ್ ಕುಂತ್ಕಂಡ್ ನೋಡುದ್ರಾಯ್ತು."

ಆಗ ನನಗೆ ನಮ್ಮ ಬೀದಿಯ ಮೋರಿ ನೆನಪಾಯಿತು.

ಮೈಸೂರಿನಲ್ಲಿ ನಮ್ಮದು ಸಣ್ಣ ಬೀದಿ. ತಿರುವಿನಲ್ಲಿ ಒಂದು ಮೋರಿ ಆಗಬೇಕಿತ್ತು, ಅಷ್ಟೇ. ಮೊದಲು ಬಂದಿದ್ದು ಬೋರ್ಡು. 'ಕಾಮಗಾರಿ ಪೂರ್ಣಗೊಂಡಿದೆ' ಅಂತ ಹಳದಿ ಮೇಲೆ ಕಪ್ಪು ಅಕ್ಷರ. ಪೇಂಟರು ಆವತ್ತು ಬಿಡುವಾಗಿದ್ದನಂತೆ. ಯುಗಾದಿ ಕಳೆದ ಮೇಲೆ, ಅದೇ ಬೋರ್ಡಿನ ನೆರಳಲ್ಲಿ ಗುದ್ದಲಿಪೂಜೆ. ಜೂನ್‌ನಲ್ಲಿ ಮೂರು ಸಿಮೆಂಟ್ ಪೈಪು ಬಂದು ರಸ್ತೆ ಬದಿ ಮಲಗಿದವು. ಆಗಸ್ಟ್‌ನಲ್ಲಿ ಟಾರು ಹಾಕಿ ಬಿಳಿ ಪಟ್ಟೆ ಎಳೆದರು. ಪಟ್ಟೆ ಒಣಗುವ ಹೊತ್ತಿಗೆ ಗೌರಿ ಹಬ್ಬ ಬಂತು, ಹಬ್ಬದ ಹಿಂದೆಯೇ ಜೆಸಿಬಿ ಬಂದು ಅಗೆಯಿತು.

ನಾನು ಮೊದಲಿಂದ ಇಲ್ಲೇ ಇದ್ದೆ, ಹಾಗಾಗಿ ಈ ಸಾಲಿನಲ್ಲಿ ನೋಡಿದೆ. ಎಲ್ಲರಿಗೂ ಆ ಭಾಗ್ಯ ಇಲ್ಲ. ಎದುರು ಮನೆ ಮೇಷ್ಟ್ರು ಬೋರ್ಡು ನೋಡಿಕೊಂಡು ಅಮೆರಿಕಕ್ಕೆ ಮಗನ ಮನೆಗೆ ಹೋದವರು, ಟಾರು ಹಾಕಿದ ವಾರವೇ ವಾಪಸ್ ಬಂದರು. ಅವರ ಲೆಕ್ಕದಲ್ಲಿ ಕೆಲಸ ಯಾವತ್ತೋ ಮುಗಿದಿದೆ. "ಸರ್ಕಾರವನ್ನು ಸುಮ್ನೆ ಬೈಬಾರದು ಕಣ್ರೀ" ಅಂತ ನಮಗೇ ಪಾಠ. ಸೊಪ್ಪು ಮಾರುವ ಅಜ್ಜಿ ಮಗಳ ಬಾಣಂತನ ಮುಗಿಸಿ ಬಂದದ್ದು ಗುಂಡಿಯ ಸಮಯಕ್ಕೆ. "ನಿಮ್ ಬೀದಿ ಹಣೇಬರಾನೇ ಇಷ್ಟು" ಅಂತ ಅವಳ ತೀರ್ಪು. ದಸರಾ ಆದ ಮೇಲೆ ಮಹಡಿಗೆ ಬಾಡಿಗೆಗೆ ಬಂದ ಸಾಫ್ಟ್‌ವೇರ್ ಹುಡುಗ ಇದ್ದಾನಲ್ಲ, ಅವನಿಗೆ ಕಂಡದ್ದು ಗುಂಡಿ ಮುಚ್ಚಿದ ಜಾಗದ ಉಬ್ಬು ಮಾತ್ರ. "ಒಳ್ಳೆ ಏರಿಯಾ ಅಂಕಲ್, ಹಂಪ್ಸ್ ಎಲ್ಲಾ ಹಾಕಿದ್ದಾರೆ" ಅಂದ. ಮೂರು ಜನ ಸೇರಿದರೆ ಮೂರು ಮೋರಿ. ಜಗಳ ಬಿಡಿಸಲು ನಾನು ಹೋದರೆ ನನ್ನದೊಂದು ನಾಲ್ಕನೆಯದು.

ಇಲ್ಲಿ ಒಂದು ನಾಯಿಯ ವಿಷಯ ಹೇಳಬೇಕು. ಜೂನ್‌ನಿಂದ ಮಲಗಿದ್ದ ಪೈಪುಗಳಲ್ಲಿ ಕೊನೆಯದರೊಳಗೆ ಬೀದಿಯ ಕಂದು ನಾಯಿ ನವರಾತ್ರಿ ಹೊತ್ತಿಗೆ ನಾಲ್ಕು ಮರಿ ಹಾಕಿತ್ತು. ಮಕ್ಕಳು ಗೋಣಿಚೀಲ ಹಾಸಿ, ಪೈಪಿನ ಬಾಯಿಗೆ ಚೆಂಡುಹೂವಿನ ಹಾರ ಕಟ್ಟಿ, ಆಯುಧಪೂಜೆ ದಿನ ಕುಂಕುಮವನ್ನೂ ಇಟ್ಟಿದ್ದರು. ಆ ಇಡೀ ಕಾಮಗಾರಿಯಲ್ಲಿ ಯಾರಿಗಾದರೂ ಉಪಯೋಗ ಆಗಿದ್ದು ಅಂದರೆ ಆ ನಾಯಿಗೇ.

ಮಾರನೇ ದಿನ ವಿಜಯದಶಮಿ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಅರ್ಧ ಜನ ಬನ್ನಿಮಂಟಪದ ರಸ್ತೆಯಲ್ಲಿ, ಇನ್ನರ್ಧ ಟೀವಿ ಮುಂದೆ. 750 ಕೆಜಿಯ ಅಂಬಾರಿ ಹೊತ್ತು ಆನೆ ನಡೆಯುವಾಗ ಮೂರು ಪೈಪಿನ ಕಡೆ ಯಾರು ನೋಡುತ್ತಾರೆ? ಪಂಜಿನ ಕವಾಯತು ಮುಗಿಸಿ ರಾತ್ರಿ ವಾಪಸ್ ಬಂದರೆ ಗುಂಡಿ ಮುಚ್ಚಿದೆ. ಪೈಪುಗಳಿಲ್ಲ. ನಾಲ್ಕು ಮರಿಗಳೂ ಅಂಗಡಿ ಜಗಲಿಯ ಮೇಲೆ ಅದೇ ಗೋಣಿಚೀಲದಲ್ಲಿ ಕುಯ್‌ಗುಡುತ್ತಿವೆ. ಪಕ್ಕದಲ್ಲಿ ಬಾಡಿದ ಹಾರ.

ಆ ಸೀರಿಯಲ್ಲಿಗೂ ಬೀಜ ಇಂಥದ್ದೇ ಒಂದು ಗಲಾಟೆಯ ಹೊತ್ತು. 2012ರಲ್ಲಿ ಸ್ಯಾಂಡಿ ಚಂಡಮಾರುತ ಅಪ್ಪಳಿಸಿ ನ್ಯೂಯಾರ್ಕಿನ ನೆಲಮಾಳಿಗೆಯೊಂದಕ್ಕೆ ನೀರು ನುಗ್ಗಿ, ಒಳಗಿದ್ದ ಬಾಂಡು ಷೇರು ಪತ್ರಗಳೆಲ್ಲ ನೆಂದುಹೋಗಿದ್ದವು. ಅಲ್ಲಿಂದ ಎಳೆ ಹಿಡಿದು ಕಥೆ ಹೆಣೆದಿದ್ದಾರೆ. ಕಥೆಯಲ್ಲಿ ಕದಿಯೋದು 700 ಕೋಟಿ ಡಾಲರ್ ಬೆಲೆಯ ಬಾಂಡು. ಅಷ್ಟಕ್ಕೆ 24 ವರ್ಷದ ಹಗೆ, ಒಂದು ತಂಡ, ವಾರಗಟ್ಟಲೆ ತಯಾರಿ. ಪಾಪ, ಕಷ್ಟಪಟ್ಟು ದುಡಿಯುವ ಕಳ್ಳರು. ನಮ್ಮಲ್ಲಿ ಒಂದು ಟ್ರ್ಯಾಕ್ಟರ್, ಒಂದು ಸರ್ಕಾರಿ ರಜೆ.

ಪೈಪು ಒಳಗೆ ಹೋಯಿತೋ, ಟ್ರ್ಯಾಕ್ಟರ್ ಹತ್ತಿತೋ? ಆ ಕಂತು ನಮಗೆ ಯಾರೂ ತೋರಿಸಲಿಲ್ಲ. ನಾಯಿ ಮಾತ್ರ ಎರಡು ದಿನ ಮುಚ್ಚಿದ ಗುಂಡಿಯ ಕಡೆ ತಿರುಗಿಯೂ ನೋಡದೆ, ಟ್ರ್ಯಾಕ್ಟರ್ ಚಕ್ರದ ಗುರುತು ಮೂಸಿಕೊಂಡು ರಿಂಗ್ ರಸ್ತೆ ತನಕ ಹೋಗಿ ಬರುತ್ತಿತ್ತು. ನಾಯಿಯ ಸಾಕ್ಷಿ ಯಾವ ಕಡತಕ್ಕೂ ಸೇರುವುದಿಲ್ಲ ಬಿಡಿ.

ದೀಪಾವಳಿ ಮಳೆಗೆ ತಿರುವಿನಲ್ಲಿ ಮೊಣಕಾಲುದ್ದ ನೀರು ನಿಂತಿತು. 'ಪೂರ್ಣಗೊಂಡಿದೆ' ಬೋರ್ಡು ಅರ್ಧ ಮುಳುಗಿ 'ಕಾಮಗಾರಿ' ಅನ್ನುವುದಷ್ಟೇ ಕಾಣುತ್ತಿತ್ತು. ನಾನೂ ಮೇಷ್ಟ್ರೂ ಪ್ಯಾಂಟು ಮಡಚಿಕೊಂಡು ಸಂಬಂಧಪಟ್ಟ ಕಚೇರಿಗೆ ಹೋದೆವು. ಅಲ್ಲಿದ್ದ ಸಾಹೇಬರು ಬಲು ಮರ್ಯಾದಸ್ಥರು. ಕೂರಿಸಿದರು, ಟೀ ತರಿಸಿದರು. ಕಡತ ತೆಗೆದರೆ ಬೋರ್ಡಿನ ಫೋಟೋ, ಪೂಜೆಯ ಫೋಟೋ, ಟಾರಿನ ಫೋಟೋ, ಬಿಲ್ಲು, ಎಲ್ಲ ಇವೆ.

"ಪೈಪು ಹೂತಿದ ಫೋಟೋ ಎಲ್ಲಿ ಸಾರ್?" ಅಂದೆ.

"ಪೈಪ್ ಒಳಗೇ ಇದೆ ಸಾರ್, ಅನುಮಾನಾನೇ ಬೇಡ" ಅಂದರು. "ನೋಡಲೇಬೇಕು ಅಂದ್ರೆ ಅಗೆಸಿ ತೋರಿಸೋಣ. ಒಂದು ಅರ್ಜಿ ಬರೆದುಕೊಡಿ. ಅದಕ್ಕೆ ಬೇರೆ ಎಸ್ಟಿಮೇಟ್ ಆಗುತ್ತೆ."

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದರು. ನಾವು ಮನೆ ಮುಟ್ಟುವ ಮೊದಲೇ ಬೀದಿಗೆ ಹೊಸ ಬೋರ್ಡು ಬಂದಿತ್ತು.