ಒಲೆ ಹಚ್ಚದ ಹೋಟೆಲಿನ ಬಿಲ್ಲು

ಹೋಟೆಲಿನಲ್ಲಿ ಅಡುಗೆ ಆಗದೇ ಇದ್ದರೆ ಹಿಂದೆ ಗಿರಾಕಿ ಜಗಳ ಮಾಡುತ್ತಿದ್ದ. ಈಗ ಟಿಪ್ಸ್ ಕೊಡುತ್ತಾನೆ.

ಬೆಂಗಳೂರಿನ ಇಂದಿರಾನಗರ, ಕೋರಮಂಗಲದ ಕಡೆ ಇಂಥ ಜಾಗ ಕಣ್ಣಿಗೆ ಬೀಳುತ್ತವೆ. ಬಿದಿರಿನ ಕುರ್ಚಿ, ಮೇಲಿಂದ ನೇತಾಡುವ ಗಿಡ, ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಮೆನು. ಅದರಲ್ಲಿ 'ರಾ ವೀಗನ್' ಅಂತ ಒಂದು ತಲೆಬರಹ. ಹಾಲಿಲ್ಲ, ಮೊಸರಿಲ್ಲ, ತುಪ್ಪ ಇಲ್ಲ, ಜೇನುತುಪ್ಪವೂ ಇಲ್ಲ. ಇಷ್ಟಕ್ಕೇ ನಿಂತಿದ್ದರೆ ನನ್ನದೇನೂ ತಕರಾರಿಲ್ಲ. ಹಸುವಿನ ಮೇಲಿನ ಕರುಣೆಯಿಂದ ಹಾಲು ಬಿಟ್ಟವರನ್ನು ಆಡಿಕೊಳ್ಳುವ ಯೋಗ್ಯತೆ ದಿನಾ ಮೊಸರನ್ನ ತಿನ್ನುವ ನನಗಿಲ್ಲ. ಆದರೆ ಇವರು ಬೆಂಕಿಯನ್ನೂ ಬಿಟ್ಟಿದ್ದಾರೆ. ಹಾಗಂತ ಹೇಳಿಕೊಳ್ಳುತ್ತಾರೆ.

ನಿಯಮ ಸರಳ. ತಿನ್ನುವ ಪದಾರ್ಥ ಒಂದು ಮಟ್ಟಕ್ಕಿಂತ ಜಾಸ್ತಿ ಬಿಸಿಯಾಗಬಾರದು. ಒಂದು ಪಂಗಡದವರು 42 ಡಿಗ್ರಿ ಎನ್ನುತ್ತಾರೆ, ಇನ್ನೊಂದು ಪಂಗಡದವರು 48ರವರೆಗೂ ನಡೆಯುತ್ತದೆ ಎನ್ನುತ್ತಾರೆ. ಅದನ್ನು ದಾಟಿದರೆ ತರಕಾರಿಯೊಳಗಿನ, ಊಟ ಅರಗಿಸಲು ನೆರವಾಗುವ ಎನ್‌ಜೈಮ್ ಸತ್ತುಹೋಗುತ್ತದಂತೆ. ಹಾಗೆ ಜೋಪಾನವಾಗಿ ಬದುಕಿಸಿ ಒಳಗೆ ಕಳಿಸಿದ ಎನ್‌ಜೈಮಿನ ಗತಿ ಏನು? ಅದೂ ಒಂದು ಪ್ರೋಟೀನ್. ಹೊಟ್ಟೆಯ ಆಮ್ಲ ಅದನ್ನು ಬೇಳೆಯ ಪ್ರೋಟೀನಿನ ಹಾಗೇ ಒಡೆದುಹಾಕುತ್ತದೆ. ಊಟ ಅರಗಿಸಲು ಬೇಕಾದ ಎನ್‌ಜೈಮನ್ನು ನಮ್ಮ ದೇಹ ತಾನೇ ತಯಾರಿಸಿಕೊಳ್ಳುತ್ತದೆ. ಸೌತೆಕಾಯಿಯ ಹತ್ತಿರ ಸಾಲ ಕೇಳುವುದಿಲ್ಲ.

ಇನ್ನು 42 ಡಿಗ್ರಿ ಎಂಬುದು ಕಲಬುರಗಿ, ರಾಯಚೂರಿನವರಿಗೆ ಮೇ ತಿಂಗಳ ಮಾಮೂಲು ಮಧ್ಯಾಹ್ನ. ಈ ಲೆಕ್ಕದಲ್ಲಿ ಅಲ್ಲಿನ ಸೌತೆಕಾಯಿ ಬಳ್ಳಿಯಲ್ಲೇ ಬೆಂದಿರುತ್ತದೆ. ಗಾಡಿಯವನು ಅದನ್ನು ಹಸಿ ಎಂದು ಮಾರಿದರೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದು ಅಲ್ವಾ?

ಸೌತೆಕಾಯಿ ಗಾಡಿಯ ಮಾತು ಬಂತು. ನಮ್ಮ ಬಸ್ ಸ್ಟ್ಯಾಂಡುಗಳ ಮುಂದೆ ಸೌತೆಕಾಯಿ ಸೀಳಿ, ಉಪ್ಪು ಖಾರ ಸವರಿ ಕೊಡುವ ಮನುಷ್ಯ ಯಾವ ಥರ್ಮಾಮೀಟರೂ ಇಲ್ಲದೆ ಶುದ್ಧ ರಾ ವೀಗನ್ ವ್ಯಾಪಾರ ಮಾಡುತ್ತಿದ್ದಾನೆ. ಲಾಲ್‌ಬಾಗಿನ ಗೇಟಿನಲ್ಲಿ ಬೆಳಗ್ಗೆ ಬೂದುಗುಂಬಳ, ಹಾಗಲಕಾಯಿ, ಗೋಧಿ ಹುಲ್ಲಿನ ರಸ ಮಾರುವವರೂ ಅಷ್ಟೇ. (ಅದನ್ನು ಮೂಗು ಮುಚ್ಚಿಕೊಂಡು ಕುಡಿದವರು ಅಲ್ಲಿಂದ ನೇರ ಗಾಂಧಿಬಜಾರಿಗೆ ಹೋಗಿ ಮಸಾಲೆ ದೋಸೆ ತಿನ್ನುವುದು ಬೇರೆ ವಿಷಯ. ಆ ಸಮತೋಲನ ನನಗೆ ಇಷ್ಟ.) ಗಾಡಿಯ ಸೌತೆಕಾಯಿಗೆ ಜಿಎಸ್‌ಟಿ ಇಲ್ಲ. ಅದೇ ಸೌತೆಕಾಯಿಯನ್ನು ದಾರದಷ್ಟು ಸಣ್ಣಗೆ ಸೀಳಿ 'ನೂಡಲ್ಸ್' ಎಂದು ಕಲ್ಲಿನ ತಟ್ಟೆಯಲ್ಲಿಟ್ಟರೆ 5 ಪರ್ಸೆಂಟ್. ಸರ್ಕಾರಕ್ಕೆ ಒಲೆ ಹಚ್ಚಿದ್ದಾರೋ ಇಲ್ಲವೋ ಬೇಕಿಲ್ಲ. ಕುರ್ಚಿ ಹಾಕಿದ್ದರೆ ಸಾಕು.

ಮೆನು ನೋಡಿದರೆ ಇನ್ನೊಂದು ವಿಚಿತ್ರ. ಬೇಯಿಸಿದ ಊಟ ವಿಷ ಎಂದು ನಂಬಿದವರು ತಿನ್ನುವುದೆಲ್ಲ ಬೇಯಿಸಿದ ಊಟದ ವೇಷ. ಬೇಯದ ಪಿಜ್ಜಾ, ಬೇಯದ ಲಸಾಂಜ, ಬೇಯದ ಬರ್ಗರ್. ಹೂಕೋಸನ್ನು ಮಿಕ್ಸಿಯಲ್ಲಿ ತರಿ ಮಾಡಿದರೆ ಅದು 'ರೈಸ್'. ಮೂಲಂಗಿಯನ್ನು ತೆಳ್ಳಗೆ ಕತ್ತರಿಸಿದರೆ ಅದು ಇಟಲಿಯ ಕಡುಬು 'ರಾವಿಯೋಲಿ'. ಮೂಲಂಗಿಯನ್ನು ಮೂಲಂಗಿ ಎಂದು ಕರೆದು ಮಾರುವ ಧೈರ್ಯ ಯಾರಿಗೂ ಇಲ್ಲ. ಅಷ್ಟು ದುಡ್ಡು ತೆತ್ತವನಿಗೆ ಮೂಲಂಗಿ ತಿಂದೆ ಎಂದು ಗೊತ್ತಾದರೆ ಕಷ್ಟ. ಎಷ್ಟು ಕಡಿಮೆ ಕೆಲಸವೋ ಅಷ್ಟು ಜಾಸ್ತಿ ರೇಟು ಎಂಬ ತತ್ವದ ಮೇಲೆ ಇಡೀ ಹಲಗೆ ನಿಂತಿದೆ. ದರ್ಶಿನಿಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಸಾಂಬಾರ್ ಕುದಿಸುವವನಿಗೆ ಇದು ತಿಳಿದರೆ ನಾಳೆಯಿಂದ ಬೇಳೆ ನೆನೆಹಾಕಿಟ್ಟು ಮಲಗಿಬಿಡುತ್ತಾನೆ.

ಈ ಎಲ್ಲ ತಿನಿಸಿನ ಜೀವಾಳ ಒಂದೇ. ಗೋಡಂಬಿ. ಚೀಸ್ ಗೋಡಂಬಿಯದು, ಕ್ರೀಮ್ ಗೋಡಂಬಿಯದು, ಹಾಲು ಗೋಡಂಬಿಯದು, ಕೊನೆಗೆ ಚೀಸ್‌ಕೇಕೂ ಅದರದ್ದೇ. ಎಲ್ಲದರ ಪಕ್ಕ 'ರಾ ಕ್ಯಾಶ್ಯೂ' ಎಂಬ ಪ್ರಮಾಣಪತ್ರ. ಇದನ್ನು ಕಾರ್ಕಳದಲ್ಲೋ ಕುಂದಾಪುರದಲ್ಲೋ ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹೆಂಗಸರಿಗೆ ಓದಿ ಹೇಳಬೇಕು. ಗೇರುಬೀಜದ ಸಿಪ್ಪೆಯೊಳಗೆ ಚರ್ಮ ಸುಡುವ ಎಣ್ಣೆ ಇರುತ್ತದೆ. ಹಸಿ ಬೀಜ ಒಡೆದರೆ ಕೈ ಬೊಬ್ಬೆ ಏಳುತ್ತದೆ. ಅದಕ್ಕೇ ಮೊದಲು ಬೀಜವನ್ನು ಹಬೆಯಲ್ಲಿ ಬೇಯಿಸುತ್ತಾರೆ, ಇಲ್ಲವೇ ಹುರಿಯುತ್ತಾರೆ. ಆಮೇಲೆ ಒಡೆಯುತ್ತಾರೆ. ಒಳಗಿನ ತಿರುಳಿಗೆ ಅಂಟಿದ ಕೆಂಪು ಹೊಟ್ಟು ಬಿಡಲಿ ಎಂದು ಮತ್ತೆ ಬಿಸಿಗಾಳಿಯಲ್ಲಿ ಗಂಟೆಗಟ್ಟಲೆ ಒಣಗಿಸುತ್ತಾರೆ. ಅಂದರೆ ಅಂಗಡಿಯಲ್ಲಿ ಹಸಿ ಎಂದು ಸಿಗುವ ಗೋಡಂಬಿ ಸಾಮಾನ್ಯವಾಗಿ ಎರಡು ಸಲ ಬಿಸಿ ಕಂಡು ಬಂದಿರುತ್ತದೆ. ಬೆಂಗಳೂರಿಗೆ ಬಂದ ಮೇಲೆ ಪುನಃ ಹಸಿ ಆಗುತ್ತದೆ. ಶಿರಾಡಿ ಘಾಟಿಯಲ್ಲಿ ಏನೋ ಮಹಿಮೆ ಇರಬೇಕು.

ಬೆಲ್ಲದ ಕಥೆಯೂ ಇದೇ. ಮಂಡ್ಯದ ಆಲೆಮನೆಯಲ್ಲಿ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯದೆ ಬೆಲ್ಲ ಆಗುವುದಿಲ್ಲ. ಆದರೂ ರಾ ಲಡ್ಡುವಿಗೆ 'ನ್ಯಾಚುರಲ್ ಜಾಗರಿ' ಬೀಳುತ್ತದೆ. ಕೋಕೋ ಬೀಜವಂತೂ ಯಾರೂ ಒಲೆ ಹಚ್ಚದೆಯೇ, ಹುಳಿಯಲು ರಾಶಿ ಹಾಕಿದಾಗ ತಾನಾಗಿಯೇ 45, 50 ಡಿಗ್ರಿವರೆಗೆ ಬಿಸಿಯಾಗುತ್ತದೆ. ಇಲ್ಲಿ ನಿಯಮ ಮುರಿದದ್ದು ಪ್ರಕೃತಿಯೇ. ಯಾರ ಮೇಲೆ ಕೇಸು ಹಾಕುವುದು?

ಮನೆಯೊಳಗಿನ ಕಥೆ ಇನ್ನೂ ಸೊಗಸು. ನಮ್ಮ ನೆಂಟರಲ್ಲಿ ಒಬ್ಬ ಹುಡುಗ ಐಟಿಯಲ್ಲಿದ್ದಾನೆ. ಮೊಬೈಲಿನಲ್ಲಿ ಯಾರದೋ ಭಾಷಣ ಕೇಳಿ ಗ್ಯಾಸ್ ಒಲೆಗೆ ಕೈಮುಗಿದ. ಒಲೆ ಹೋಯಿತು, ಸಾಮಾನು ಬಂತು. ಜ್ಯೂಸರ್ ಒಂದು, ಭಾರಿ ಮೋಟಾರಿನ ಬ್ಲೆಂಡರ್ ಒಂದು, ತರಕಾರಿ ಸುರುಳಿ ಮಾಡುವ ಯಂತ್ರ ಒಂದು, ಜೊತೆಗೆ ತಿನಿಸು ಒಣಗಿಸಲು ಫ್ರಿಜ್ಜಿನಷ್ಟೇ ಗಾಂಭೀರ್ಯದ ಡಿಹೈಡ್ರೇಟರ್. ತೀರ್ಥಹಳ್ಳಿಯಿಂದ ಬಂದ ಅವನ ಅಮ್ಮ ಅಡುಗೆಮನೆಗೆ ಕಾಲಿಟ್ಟಾಗ ಅದು ಗುಂಯ್ಯೆನ್ನುತ್ತಿತ್ತು.

"ಎಂತ ಮಾರಾಯ ಇದು?"

"ಅಗಸೆ ಬೀಜದ ಕ್ರ್ಯಾಕರ್ ಅಮ್ಮ, ಬಿಸ್ಕತ್ತಿನ ಥರ. 46 ಡಿಗ್ರಿಯಲ್ಲಿ ಹದಿನೆಂಟು ಗಂಟೆ ಒಣಗಬೇಕು."

"ಅದಕ್ಕೆ ಕರೆಂಟ್ ಯಾಕೆ? ಮೇಲೆ ತಾರಸಿ ಇದೆಯಲ್ಲ. ಸಂಡಿಗೆ ಇಟ್ಟ ಹಾಗೆ ಬಟ್ಟೆ ಹಾಸಿ ಇಡು."

"ಅಲ್ಲಿ ಟೆಂಪರೇಚರ್ ಕಂಟ್ರೋಲ್ ಇರಲ್ಲ ಅಮ್ಮ."

ಅಮ್ಮನಿಗೆ ಸೂರ್ಯನ ಬಗ್ಗೆ ಇಂಥ ದೂರು ಕೇಳಿ ಅಭ್ಯಾಸವಿರಲಿಲ್ಲ. ಆದರೆ ಉಳಿದ ವ್ಯವಸ್ಥೆ ಆಕೆಗೆ ಎರಡೇ ದಿನದಲ್ಲಿ ಅರ್ಥವಾಯಿತು. ಅವನ ಚಾಕು ಬೇರೆ, ಹಲಗೆ ಬೇರೆ, ಪಾತ್ರೆ ಬೇರೆ. ಅನ್ನ ಮುಟ್ಟಿದ ಸೌಟು ಅವನ ಬಟ್ಟಲಿಗೆ ತಾಗಬಾರದು. ಬೇರೆಯವರ ಮನೆಯಲ್ಲಿ ನೀರು, ಹಣ್ಣು ಬಿಟ್ಟು ಏನೂ ಮುಟ್ಟುವುದಿಲ್ಲ. ಆಕೆಯ ಅತ್ತೆ ಐವತ್ತು ವರ್ಷ ಮಾಡಿದ್ದು ಇದನ್ನೇ. ಬೆಂದದ್ದೆಲ್ಲ ಮುಸುರೆ, ಹಸಿಯದಕ್ಕೆ ದೋಷ ಇಲ್ಲ. ಅಜ್ಜಿಯ ಮಡಿಯನ್ನು ಮೂಢನಂಬಿಕೆ ಎಂದು ನಗಾಡಿದ ಮೊಮ್ಮಗ ಅದನ್ನೇ ಕಂತಿನಲ್ಲಿ ಕೊಂಡು ತಂದಿದ್ದ. ಒಂದೇ ವ್ಯತ್ಯಾಸ ಅಂದರೆ ಅಜ್ಜಿಗೆ ಒದ್ದೆ ಸೀರೆ ಸಾಕಾಗುತ್ತಿತ್ತು, ಇವನಿಗೆ ಯೋಗ ಪ್ಯಾಂಟ್ ಬೇಕು.

ಹೊರಡುವ ಹಿಂದಿನ ದಿನ ಅಮ್ಮ ಚೀಲದಿಂದ ಒಂದು ಕಟ್ಟು ಕೆಸುವಿನ ಎಲೆ ತೆಗೆದರು. "ಸೊಪ್ಪೆಲ್ಲ ಹಸಿಯಾಗೇ ತಿಂದರೆ ಒಳ್ಳೇದು ಅಂತೀಯಲ್ಲ. ಊರಿನದ್ದು, ಗೊಬ್ಬರ ಹಾಕಿಲ್ಲ. ತಿನ್ನು ನೋಡುವ." ಹುಡುಗ ಫೋನಿನಲ್ಲಿ ಹುಡುಕಿದ. ಕೆಸುವಿನ ಎಲೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳು ಇರುತ್ತದೆ. ಹಸಿ ತಿಂದರೆ ಗಂಟಲು ತುರಿಸಿ ಪ್ರಾಣ ಹಿಂಡುತ್ತದೆ. ಅದಕ್ಕೇ ನಮ್ಮವರು ಹುಣಸೆಹುಳಿ ಹಚ್ಚಿ, ಚೆನ್ನಾಗಿ ಹಬೆಯಲ್ಲಿ ಬೇಯಿಸಿ ಪತ್ರೊಡೆ ಮಾಡಿದ್ದು. ಆ ಸಂಜೆ ಹಾಗೇ ಮಾಡಿದರು. ಹುಡುಗ ಬರೀ ಫೋಟೊ ತೆಗೆದ, ತಿನ್ನಲಿಲ್ಲ ಎಂದು ಅವನ ಹೆಂಡತಿ ಹೇಳುತ್ತಾಳೆ. ಪಾತ್ರೆ ಮಾತ್ರ ಖಾಲಿಯಾಗಿತ್ತಂತೆ.

ಆ ಡಿಹೈಡ್ರೇಟರಿನ ವಿಷಯ ಇನ್ನೂ ಮುಗಿದಿಲ್ಲ. ಅದಕ್ಕೆ ಕರೆಂಟ್ ಎಲ್ಲಿಂದ ಬರುತ್ತದೆ? ಗಾಳಿ, ಬಿಸಿಲು, ಜೋಗದ ನೀರು ಎಲ್ಲದರಿಂದಲೂ ಬರುತ್ತದೆ, ನಿಜ. ಜೊತೆಗೆ ರಾಯಚೂರಿನ ಶಕ್ತಿನಗರದಿಂದಲೂ ಬರುತ್ತದೆ. ಅಲ್ಲಿ ರೈಲುಗಟ್ಟಲೆ ಕಲ್ಲಿದ್ದಲು ಸುಟ್ಟು, 500 ಡಿಗ್ರಿ ದಾಟಿದ ಹಬೆಯಿಂದ ಟರ್ಬೈನ್ ತಿರುಗಿಸುತ್ತಾರೆ. ಬೆಂಗಳೂರಿನ ಕ್ರ್ಯಾಕರ್ 46 ಡಿಗ್ರಿ ಮೀರದಿರಲಿ ಎಂದು ರಾಯಚೂರಿನಲ್ಲಿ ಹಗಲೂ ರಾತ್ರಿ ಬೆಂಕಿ ಉರಿಯಬೇಕು. ಒಲೆ ಆರಿಲ್ಲ. ಅದರ ವಿಳಾಸ ಬದಲಾಗಿದೆ ಅಷ್ಟೇ.

ಇಂಥವರನ್ನು ಮದುವೆಗೆ ಕರೆದರೆ ಪಾಪ, ಅವರದ್ದೂ ಫಜೀತಿ. ಉದ್ದದ ಪಂಕ್ತಿ, ತುದಿ ಬಾಳೆಲೆ. ಪಲ್ಯ ಬೇಡ, ಸಾರು ಬೇಡ, ಒಬ್ಬಟ್ಟು ಬೇಡವೇ ಬೇಡ. ಎಲೆ ತುದಿಯಲ್ಲಿ ಉಪ್ಪು, ಒಂದು ಬಾಳೆಹಣ್ಣು. ಆಸೆಯಿರುವುದು ಕೋಸಂಬರಿ ಒಂದರ ಮೇಲೆ. ನೆನೆದ ಹೆಸರುಬೇಳೆ, ಸೌತೆಕಾಯಿ, ತೆಂಗಿನತುರಿ, ನಿಂಬೆರಸ. ಬರುತ್ತದೆ. ಬಡಿಸುವವರನ್ನು ತಡೆದು ಕೇಳುತ್ತಾರೆ, "ಇದಕ್ಕೆ ಒಗ್ಗರಣೆ ಹಾಕಿದ್ದೀರಾ?" ಬಡಿಸುವವರಿಗೆ ಇದು ಮರ್ಯಾದೆಯ ಪ್ರಶ್ನೆ. "ಏನ್ ಸ್ವಾಮಿ ಹಿಂಗ್ ಕೇಳ್ತೀರಾ? ಭರ್ಜರಿ ಹಾಕಿದೀವಿ. ಇಂಗು ಘಮ್ ಅನ್ನುತ್ತೆ ನೋಡಿ!" ಎಂದು ಇನ್ನೊಂದು ಸೌಟು ಹಾಕಿ ಮುಂದೆ ಹೋಗುತ್ತಾರೆ.

ಹಾಗಂತ ಇದು ನಿನ್ನೆ ಮೊನ್ನೆಯ ಹುಚ್ಚಲ್ಲ. 1929ರಲ್ಲಿ ಗಾಂಧೀಜಿಯೂ ಬೇಯಿಸದ ಆಹಾರದ ಪ್ರಯೋಗ ಮಾಡಿದ್ದರು. ಮೊಳಕೆ ಬಂದ ಕಾಳು, ಹಸಿ ತರಕಾರಿ, ತೆಂಗಿನಕಾಯಿ. ಕೊನೆಗೆ ಹೊಟ್ಟೆ ಕೆಟ್ಟಿತು, ನಿಲ್ಲಿಸಿದರು. ಶುರು ಮಾಡಿದ್ದನ್ನೂ ನಿಲ್ಲಿಸಿದ್ದನ್ನೂ ತಮ್ಮ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಬರೆದರು. ಇವತ್ತಿನ ಇನ್‌ಸ್ಟಾಗ್ರಾಮ್ ಗುರುಗಳು ಶುರು ಮಾಡಿದ್ದನ್ನು ಮಾತ್ರ ಹಾಕುತ್ತಾರೆ. ಹೊಟ್ಟೆ ಕೆಟ್ಟರೆ ಅದಕ್ಕೆ 'ಡಿಟಾಕ್ಸ್' ಎಂಬ ಹೆಸರಿದೆ, ಅದಕ್ಕೂ ಒಂದು ಕೋರ್ಸ್ ಇದೆ, ಕೋರ್ಸಿಗೆ ಫೀಸ್ ಇದೆ. ಗಾಂಧೀಜಿಗೆ ಈ ದಾರಿ ಹೊಳೆಯಲಿಲ್ಲ.

ಅಮೆರಿಕದವರು ಇನ್ನೂ ಮುಂದೆ ಹೋಗಿದ್ದರು. ನ್ಯೂಯಾರ್ಕಿನಲ್ಲಿ 2004ರಲ್ಲಿ 'ಪ್ಯೂರ್ ಫುಡ್ ಅಂಡ್ ವೈನ್' ಎಂಬ ರಾ ವೀಗನ್ ರೆಸ್ಟೋರೆಂಟ್ ಶುರುವಾಯಿತು. ಸಿನಿಮಾ ತಾರೆಯರು ಕ್ಯೂ ನಿಲ್ಲುತ್ತಿದ್ದ ಜಾಗ. 2015ರ ಹೊತ್ತಿಗೆ ನೌಕರರಿಗೆ ಸಂಬಳ ಇಲ್ಲ, ಹೂಡಿಕೆದಾರರ ದುಡ್ಡು ಇಲ್ಲ, ಮಾಲಕಿ ಮತ್ತು ಆಕೆಯ ಗಂಡ ಊರಲ್ಲೇ ಇಲ್ಲ. 2016ರಲ್ಲಿ ಟೆನ್ನೆಸ್ಸಿಯ ಒಂದು ಹೋಟೆಲಿನಲ್ಲಿ ಪೊಲೀಸರು ಇಬ್ಬರನ್ನೂ ಹಿಡಿದರು. ಮುಂದಿನ ವರ್ಷ ಇಬ್ಬರೂ ತಪ್ಪೊಪ್ಪಿಕೊಂಡರು. ಸುಳಿವು ಸಿಕ್ಕಿದ್ದು ಹೇಗೆ ಗೊತ್ತಾ? ರೂಮಿಗೆ ಪಿಜ್ಜಾ ತರಿಸಿದ್ದರಿಂದ. ಒಲೆಯಲ್ಲಿ ಬೆಂದ ಪಿಜ್ಜಾ. ಅದು ಗಂಡನ ಆರ್ಡರ್, ಆಕೆಯದ್ದಲ್ಲ ಎನ್ನುತ್ತಾರೆ. ಇರಲಿ, ನಾವೂ ಹಾಗೇ ನಂಬೋಣ.

ನಗು ಸ್ವಲ್ಪ ಬದಿಗಿಡಬೇಕಾದ ಜಾಗವೂ ಇದೆ. 2011ರಲ್ಲಿ ಜರ್ಮನಿಯಲ್ಲಿ ಹಸಿ ಮೆಂತ್ಯದ ಮೊಳಕೆಯಿಂದ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಹರಡಿ ಸಾವಿರಾರು ಜನ ಕಾಯಿಲೆ ಬಿದ್ದರು, ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಬೆಂಕಿ ಬರೀ ರುಚಿಗೆ ಬಂದದ್ದಲ್ಲ. ಬಿ12 ವಿಟಮಿನ್ ಬೇಕಾದಷ್ಟು ಯಾವ ತರಕಾರಿಯಲ್ಲೂ ಸಿಗುವುದಿಲ್ಲ, ಹಸಿಯಾಗಿ ತಿಂದರೂ ಅಷ್ಟೇ, ಬೇಯಿಸಿದರೂ ಅಷ್ಟೇ. ಅದಕ್ಕೆ ಮಾತ್ರೆ ನುಂಗಲೇಬೇಕು. ಪ್ರಕೃತಿ ಕೊಟ್ಟದ್ದನ್ನು ಇದ್ದ ಹಾಗೇ ತಿನ್ನುವ ಮನುಷ್ಯನ ಜೇಬಿನಲ್ಲಿ ಔಷಧಿ ಕಾರ್ಖಾನೆಯ ಸ್ಟ್ರಿಪ್ ಇರುತ್ತದೆ. ನುಂಗಲಿ, ಒಳ್ಳೆಯದು. ನುಂಗದವರ ಬಗ್ಗೆಯೇ ನನಗೆ ಭಯ.

ಇನ್ನು ಆ ಕಪ್ಪು ಹಲಗೆಯ ಕೆಳಗಡೆ ಪಾನೀಯಗಳ ಪಟ್ಟಿ ಇದೆ. ಅಲ್ಲಿ ಜೋರು ಓಡುವುದು ಕೋಲ್ಡ್ ಬ್ರೂ ಕಾಫಿ. ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿದ್ದು, ಬಿಸಿ ತಾಗಿಸಿಲ್ಲ, ಆದ್ದರಿಂದ ರಾ. ಕಾಫಿ ಬೀಜ ಹುರಿಯಲು 200 ಡಿಗ್ರಿ ಆದರೂ ಬೇಕಲ್ಲಪ್ಪ ಎಂದು ಕೌಂಟರಿನ ಹುಡುಗನನ್ನು ಕೇಳಿದೆ. ಅವನಿಗೆ ಇದು ಹೊಸ ಪ್ರಶ್ನೆಯಲ್ಲ ಅನಿಸುತ್ತದೆ.

"ಅದು ನಮ್ಮಲ್ಲಿ ಆಗಿದ್ದಲ್ಲ ಸಾರ್," ಎಂದ, "ಚಿಕ್ಕಮಗಳೂರಲ್ಲಿ ಆಗಿದ್ದು."